ಭೂಗರ್ಭದ ಕಂಬಗಳು

ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರಿಂದ ಅಪ್ಪಣೆಯಾದಾಗ, ಏನನ್ನು ಬರೆಯುವುದೆಂದು ತೋಚದೆ ಕೆಲವು ದಿನಗಳವರೆಗೆ ಸುಮ್ಮನಿದ್ದೆವು. ಬೋರ್ಡಿಂಗಿನ ಹುಣಿಸೆಯ ಮರ, ಬೆಳಗಿನ ಪ್ರಾರ್ಥನೆಯ ಗಂಟೆ, ಶನಿವಾರದ ಎಣ್ಣೆಸ್ನಾನ, ಇವುಗಳ ವಿಷಯವಾಗಿ ನಮಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ಹಿಂದಿನ ಸಂಚಿಕೆಗಳಲ್ಲಿ ಬರೆದೂ ಇದ್ದಾರೆ. ಕಡೆಗೆ ನಮ್ಮ ಶಾಲೆಯ ಮುಂಭಾಗದ ಜಗುಲಿಯ ಕಲ್ಲುಕಂಬಗಳು ನೆನಪಿಗೆ ಬಂದವು. ಅವುಗಳಿಂದ ಆರಂಭಿಸಿದರೆ ನಾವು ಹೇಳಬೇಕೆಂದಿರುವ ವಿಷಯಕ್ಕೆ ದಾರಿಯಾಗುವುದೆಂದು ತೋರಿತು. ವಿಷಯವೇನೋ ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ಸ್ವಲ್ಪ ವಿಚಿತ್ರವಾದುದೇ: ನೆಲದೊಳಗಿನ ಗಣಿಗಳ ಛಾವಣಿಯೂ ಕಂಬಗಳೂ ಕುಸಿಯದಂತೆ ಕಾಯುವುದು ಹೇಗೆಂಬುದು. ಆದರೆ ಕೋಲಾರದ ಚಿನ್ನದ ಗಣಿಗಳ ಸೀಮೆಯಿಂದ ಈ ಶಾಲೆಗೆ ಬಂದು ಓದಿದ ಹುಡುಗಿಯರು ನಮ್ಮ ಕಾಲದಲ್ಲಿ ಕಡಿಮೆಯಾಗಿರಲಿಲ್ಲ. ಅವರೆಲ್ಲರ ಮನೆಗಳಲ್ಲಿಯೂ ಇದು ಊಟದ ಹೊತ್ತಿನ ಮಾತಾಗಿತ್ತು.

ನಾವು ಬೋರ್ಡಿಂಗನ್ನು ಸೇರಿದುದು ೧೯೬೧ರಲ್ಲಿ. ತಿಂಗಳಿಗೊಂದು ಸಲ ತಂದೆತಾಯಿಗಳು ಬಂದು ಮಕ್ಕಳನ್ನು ನೋಡಿಕೊಂಡು ಹೋಗಬಹುದೆಂದು ನಿಯಮವಿತ್ತು. ನಮ್ಮ ತಂದೆಯವರು ರಾತ್ರಿಯ ಪಾಳಿಯನ್ನು ಮುಗಿಸಿ, ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬೇರೊಂದು ಗಾಡಿಯನ್ನು ಹಿಡಿದು, ಕಣ್ಣು ಕೆಂಪಾಗಿ, ಕೈಯಲ್ಲಿ ಹುರಿದ ಕಡಲೆಕಾಯಿಯ ಗಂಟಿನೊಡನೆ ಮಧ್ಯಾಹ್ನದ ಹೊತ್ತಿಗೆ ಶಾಲೆಯನ್ನು ಮುಟ್ಟಿದರು. ಅದು ಅವರು ಬಂದ ಮೊದಲನೆಯ ಸಲ. ಬೆಂಚಿನ ಮೇಲೆ ಕುಳಿತಿರೆಂದು ಹೇಳಿ ನಮ್ಮನ್ನು ಕರೆಯಲು ಆಯಾ ಒಳಕ್ಕೆ ಬಂದಳು. ನಾವು ಹೊರಗೆ ಬಂದು ನೋಡುವಾಗ ಅವರು ಕುಳಿತಿರಲಿಲ್ಲ. ಜಗುಲಿಯ ಒಂದೊಂದು ಕಂಬದ ಬಳಿಯೂ ನಿಂತು, ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, ಕಿವಿಗೊಟ್ಟು ಕೇಳಿ, ತಲೆಯೆತ್ತಿ ಬೋದಿಗೆಯ ಸಂದನ್ನು ನೋಡಿ, ಮುಂದಿನ ಕಂಬಕ್ಕೆ ಹೋಗುತ್ತಿದ್ದರು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯವರೇ ತಮ್ಮ ಕೋಣೆಯಿಂದ ಹೊರಬಂದರು.

"ಏನು ಮೇಸ್ತ್ರಿಯವರೇ, ನಮ್ಮ ಕಂಬಗಳಿಗೆ ಪರೀಕ್ಷೆ ನಡೆಸುತ್ತಿದ್ದೀರಾ?" ಎಂದು ಕೇಳಿದರು.

"ತಪ್ಪಾಯಿತು ಅಮ್ಮನವರೇ. ಕೈ ಸುಮ್ಮನಿರುವುದಿಲ್ಲ. ಮಗು ಮಲಗುವ ಜಾಗ ನೋಡಿ."

"ಅವು ಏನು ಹೇಳುತ್ತವೆ?"

"ಏನೂ ಹೇಳುವುದಿಲ್ಲ ಅಮ್ಮನವರೇ. ಹೇಳದಿದ್ದರೇ ಒಳ್ಳೆಯದು."

ಅಮ್ಮನವರು ನಕ್ಕು ಒಳಕ್ಕೆ ಹೋದರು. ನಮಗಾದರೋ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಕಿಟಕಿಯಿಂದ ನೋಡಿದ್ದ ಗೆಳತಿಯರು ಮುಂದೆ ಒಂದು ವರುಷದವರೆಗೂ ನಮ್ಮ ಹಣೆಯನ್ನು ಬೆರಳಿನಿಂದ ತಟ್ಟಿ "ಟೊಳ್ಳು" ಎಂದು ತೀರ್ಪು ಕೊಡುತ್ತಿದ್ದರು. ಅವರಲ್ಲಿ ಕೆಲವರು ಈ ಲೇಖನವನ್ನು ಓದುವರೆಂದು ಬಲ್ಲೆವು.

ನಮ್ಮ ತಂದೆಯವರು ಗಣಿಯೊಳಗೆ ಗ್ರಾನೈಟ್ ಗೋಡೆಯನ್ನು ಕಟ್ಟುವ ಮೇಸ್ತ್ರಿಯಾಗಿದ್ದರು. ಭೂಮಿಯ ಮೇಲೆ ಮನೆ ಕಟ್ಟುವ ಮೇಸ್ತ್ರಿಯನ್ನು ಎಲ್ಲರೂ ಬಲ್ಲರು. ಭೂಮಿಯ ಕೆಳಗೆ ಗೋಡೆ ಕಟ್ಟುವವನನ್ನು ಕಂಡವರು ಕಡಿಮೆ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿಯವರು ಕೈಹಾಕಿದ ಮೇಲೆ ಕೋಲಾರದ ಗಣಿಗಳು ವರುಷ ವರುಷಕ್ಕೂ ಆಳವಾಗುತ್ತ ಹೋಗಿ, ಚಾಂಪಿಯನ್ ರೀಫ್ ಗಣಿಯು ಕಡೆಗೆ ೩ ಕಿಲೋಮೀಟರಿಗೂ ಮೀರಿದ ಆಳವನ್ನು ಮುಟ್ಟಿತು. ಅಷ್ಟು ಕೆಳಗೆ ಬಂಡೆಯ ಉಷ್ಣವೇ ೬೦ ಡಿಗ್ರಿ ಸೆಂಟಿಗ್ರೇಡಿಗೆ ಮೀರಿದುದು. ಚಿನ್ನವಿರುವ ಬಿಳಿಕಲ್ಲಿನ ಪಟ್ಟೆ ಅಲ್ಲಿ ಕೆಲವೇ ಅಡಿಗಳ ದಪ್ಪವಾಗಿ, ಗೋಡೆಯ ನಡುವಿನ ಬಿರುಕಿನಂತೆ ನೆಟ್ಟಗೆ ಇಳಿದಿರುತ್ತದೆ. ಅದನ್ನು ಅಗೆದು ತೆಗೆದ ಮೇಲೆ ಉಳಿಯುವ ಇಕ್ಕಟ್ಟಾದ ಬಯಲಿನ ಎರಡು ಪಕ್ಕಗಳೂ ಒಂದನ್ನೊಂದು ಕೂಡಲು ಹವಣಿಸುತ್ತವೆ. ಅವು ಕೂಡದಂತೆ ನಡುವೆ ಏನನ್ನಾದರೂ ಒತ್ತುಗೊಡಬೇಕು. ಮೊದಲು ಮರದ ದಿಮ್ಮಿಗಳನ್ನು ಅಡ್ಡಲಾಗಿ ಕೊಡುತ್ತಿದ್ದರಂತೆ. ಮರ ನುಗ್ಗಾಗುತ್ತದೆ, ಬೆಂಕಿಗೂ ಆಹಾರವಾಗುತ್ತದೆ. ಆದುದರಿಂದ ಗ್ರಾನೈಟ್ ಕಲ್ಲುಗಳನ್ನು ಕೇಜಿನಲ್ಲಿ ಇಳಿಸಿ, ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕೂರಿಸಿ ಗೋಡೆ ಕಟ್ಟುವ ಪದ್ಧತಿ ಬಂದಿತು. ಕಾಂಕ್ರೀಟು ತುಂಬುವ ಪದ್ಧತಿಯೂ ಮುಂದೆ ಬಂದುದುಂಟು. ತಂದೆಯವರಿಗೆ ಅದರಲ್ಲಿ ಅಷ್ಟಾಗಿ ನಂಬಿಕೆಯಿರಲಿಲ್ಲ. "ಕಾಂಕ್ರೀಟು ಮೂಗ, ಕಲ್ಲು ಮಾತಾಡುತ್ತದೆ" ಎನ್ನುತ್ತಿದ್ದರು. ಇದು ಹಳೆಯ ಕಸುಬಿನವರ ಹಟವೆಂದೇ ನಮಗೆ ತೋರುತ್ತದೆ.

ಗಣಿಯ ಲೈನುಗಳಲ್ಲಿ ಬೆಳೆದವರಿಗೆ ನೆಲ ನಡುಗುವುದು ಹೊಸದಲ್ಲ. ರಾತ್ರಿಯಲ್ಲಿ ದೂರದ ಗುಡುಗಿನಂಥ ಸದ್ದೊಂದು ಕಾಲ ಕೆಳಗಿನಿಂದ ಬರುವುದು. ಅಟ್ಟಣೆಯ ಮೇಲಿನ ಹಿತ್ತಾಳೆಯ ಪಾತ್ರೆಗಳು ಒಂದಕ್ಕೊಂದು ತಾಕುವುವು. ಗೋಡೆಯ ಮೇಲಿನ ಒಳ್ಳೇ ಕುರುಬನ ಪಟ ಓರೆಯಾಗುವುದು. ಇದನ್ನು ಜನ ಏರ್‌ಬ್ಲಾಸ್ಟ್ ಎಂದು ಕರೆಯುತ್ತಿದ್ದರು. ಆ ಹೆಸರು ತಪ್ಪು. ಸಿಡಿಯುವುದು ಗಾಳಿಯಲ್ಲ, ಬಂಡೆ. ಹೊರಲಾರದಷ್ಟು ಹೊರೆಯನ್ನು ಹೊತ್ತ ಬಂಡೆಯು ಒಡನೆಯೇ ಒಡೆದು ಚೂರುಗಳಾಗಿ ಹಾರುವುದರಿಂದ ಸುರಂಗದ ಗಾಳಿಯು ತಳ್ಳಲ್ಪಟ್ಟು ಮನುಷ್ಯರನ್ನು ಕೆಡಹುತ್ತದೆ. ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರದ ಇಲಾಖೆಯ ಡಾಕ್ಟರ್ ಸ್ಮೀತ್ ಎಂಬವರು ೧೯೦೪ರಷ್ಟು ಹಿಂದೆಯೇ ಈ ಸಿಡಿತಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದ್ದರು. ಸದ್ದು ಕೇಳಿದೊಡನೆ ನಮ್ಮ ತಾಯಿಯವರು ಮೊದಲು ಮಾಡುತ್ತಿದ್ದುದು ದೀಪವನ್ನು ಹಿಡಿದು ನಿಲ್ಲಿಸುವುದು. ಎರಡನೆಯದು, ಆ ಪಾಳಿಯಲ್ಲಿ ಯಾರು ಯಾರು ಇಳಿದಿದ್ದಾರೆಂದು ಬೆರಳು ಮಡಿಸಿ ಎಣಿಸುವುದು. ಆಮೇಲೆ ಸೆರಗನ್ನು ತಲೆಯ ಮೇಲೆ ಹೊದೆದುಕೊಂಡು ಹೊರಡುತ್ತಿದ್ದರು. ಲೈನಿನ ಎಲ್ಲ ಮನೆಗಳಿಂದಲೂ ಹೆಂಗಸರು ಹೊರಬಂದು, ತಮಿಳರು ತೆಲುಗರು ಕನ್ನಡಿಗರು ಎಂಬ ಭೇದವಿಲ್ಲದೆ, ಒಬ್ಬರೊಡನೊಬ್ಬರು ಮಾತಾಡದೆ ಶಾಫ್ಟಿನ ಬಾಗಿಲಿಗೆ ನಡೆದುಹೋಗುತ್ತಿದ್ದರು. ೧೯೫೮ರಲ್ಲಿ ಹಾಗೆ ಹೋದ ಒಂದು ರಾತ್ರಿ ನಮ್ಮ ಚಿಕ್ಕಪ್ಪನವರು ಮೇಲಕ್ಕೆ ಬರಲಿಲ್ಲ. ಅವರಿಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ನಮ್ಮನ್ನು ಓದಲು ದೂರದ ಬೋರ್ಡಿಂಗಿಗೆ ಕಳುಹಿಸಬೇಕೆಂದು ತಾಯಿಯವರು ಹಟ ಹಿಡಿದುದು ಅದರ ಮರುವರುಷದಿಂದ.

ಈಗ ನೆಲದೊಳಗಿನ ಛಾವಣಿಯ ವಿಷಯವನ್ನು ಸ್ವಲ್ಪ ವಿವರಿಸಬೇಕಾಗಿದೆ. ಮನೆಯ ಛಾವಣಿಯನ್ನು ಮನುಷ್ಯನು ತಂದು ಹೊದಿಸುತ್ತಾನೆ. ಗಣಿಯ ಛಾವಣಿ ಮೊದಲೇ ಇರುತ್ತದೆ, ಮನುಷ್ಯನು ಅದರ ಕೆಳಗಿನ ಆಧಾರವನ್ನು ತೆಗೆಯುತ್ತಾನೆ. ಕಲ್ಲಿದ್ದಲಿನ ಗಣಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಕಲ್ಲಿದ್ದಲು ಚಾಪೆಯಂತೆ ಅಗಲವಾಗಿ ಹಾಸಿರುವುದರಿಂದ, ಅಡ್ಡ ಉದ್ದ ಬೀದಿಗಳನ್ನು ಕೊರೆದು ನಡುವೆ ಚೌಕ ಚೌಕವಾಗಿ ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟುಕೊಂಡು ಹೋಗುತ್ತಾರೆ. ಬಂಡೆಯು ಘನಮೀಟರಿಗೆ ಸುಮಾರು ಎರಡೂವರೆ ಟನ್ನು ತೂಗುತ್ತದೆ. ನೂರು ಮೀಟರು ಆಳದಲ್ಲಿ ಒಂದು ಚದರ ಮೀಟರಿನ ಮೇಲೆ ೨೫೦ ಟನ್ನು ಕುಳಿತಿರುತ್ತದೆಂದಾಯಿತು. ನಾಲ್ಕು ಪಾಲಿನಲ್ಲಿ ಮೂರು ಪಾಲನ್ನು ಅಗೆದು ಒಂದು ಪಾಲನ್ನು ಕಂಬವಾಗಿ ಬಿಟ್ಟರೆ, ನಾಲ್ವರ ಹೊರೆಯೂ ಒಬ್ಬನ ತಲೆಗೆ ಬಂದು, ಕಂಬದ ಒಂದೊಂದು ಚದರ ಮೀಟರೂ ೧೦೦೦ ಟನ್ನನ್ನು ಹೊರಬೇಕು. ನಾಲ್ಕನೆಯ ತರಗತಿಯ ಮಗುವೂ ಮಾಡಬಲ್ಲ ಈ ಲೆಕ್ಕದಿಂದಲೇ ಗಣಿಯ ಕಂಬಗಳ ಶಾಸ್ತ್ರ ಆರಂಭವಾಗುತ್ತದೆ.

ಛಾವಣಿಯ ಪಾಡು ಬೇರೆ. ಕಂಬ ಗಟ್ಟಿಯಾಗಿದ್ದರೂ ಕಂಬ ಕಂಬಗಳ ನಡುವಣ ಛಾವಣಿ ಹಾಳೆಹಾಳೆಯಾಗಿ ಬಿಚ್ಚಿಕೊಂಡು ಬೀಳಬಹುದು. ಒಂದೇ ಸಲಕ್ಕೆ ನೂರಾರು ಜನರನ್ನು ಕೊಲ್ಲದೆ, ಇಲ್ಲೊಬ್ಬನನ್ನು ಅಲ್ಲಿಬ್ಬರನ್ನು ಕೊಲ್ಲುವುದರಿಂದ ಇದು ಪತ್ರಿಕೆಗಳಲ್ಲಿ ಕಾಣುವುದಿಲ್ಲ. ಆದರೆ ನಮ್ಮ ದೇಶದ ಕಲ್ಲಿದ್ದಲಿನ ಗಣಿಗಳಲ್ಲಿ ಬಹುಕಾಲದಿಂದ ಜೀವಗಳನ್ನು ಹೆಚ್ಚಾಗಿ ತೆಗೆದ ಕಾರಣಗಳಲ್ಲಿ ಇದು ಮುಖ್ಯವಾದುದು. ಇದಕ್ಕೆ ಮೊದಲನೆಯ ಉಪಾಯ ತಂದೆಯವರು ಜಗುಲಿಯಲ್ಲಿ ಮಾಡಿದುದೇ. ಕೆಲಸಕ್ಕೆ ಮೊದಲು ಸಲಾಕೆಯಿಂದ ಛಾವಣಿಯನ್ನು ತಟ್ಟಿ ನೋಡಬೇಕು. ಗಟ್ಟಿಯಾದ ಬಂಡೆ ಗಂಟೆಯಂತೆ ನುಡಿಯುತ್ತದೆ. ಬಿಚ್ಚಿಕೊಂಡ ಬಂಡೆ ಒಡಕು ಮಡಕೆಯಂತೆ. ಸಡಿಲವಾದುದನ್ನು ದೂರ ನಿಂತು ಕೆಡಹಿಬಿಡಬೇಕು. ಎರಡನೆಯದು ಆಸರೆಗಂಬ. ಕಬ್ಬಿಣದ ಕಂಬ ಬಂದ ಮೇಲೂ ಹಳೆಯ ಕೆಲಸಗಾರರು ಮರದ ಕಂಬವನ್ನೇ ಮೆಚ್ಚುತ್ತಿದ್ದರು. ಯಾಕಂದರೆ ಮರವು ಮುರಿಯುವುದಕ್ಕೆ ಮುಂಚೆ ಕಿರುಗುಟ್ಟಿ ಎಚ್ಚರಿಸುತ್ತದೆ. ಮೂರನೆಯ ಉಪಾಯ, ೧೯೪೦ರ ದಶಕದ ಕೊನೆಯಿಂದ ಅಮೇರಿಕದ ಕಲ್ಲಿದ್ದಲಿನ ಗಣಿಗಳಲ್ಲಿ ಹರಡಿ ಈಗ ಲೋಕವೆಲ್ಲ ವ್ಯಾಪಿಸಿರುವುದು. ಛಾವಣಿಗೆ ಕೆಳಗಿನಿಂದ ರಂಧ್ರ ಕೊರೆದು, ಉದ್ದವಾದ ಉಕ್ಕಿನ ಬೋಲ್ಟುಗಳನ್ನು ತೂರಿಸಿ, ಹಾಳೆಗಳನ್ನೆಲ್ಲ ಒಂದಕ್ಕೊಂದು ಬಿಗಿದುಬಿಡುವುದು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಊಟದೆಲೆಯನ್ನು ಹಚ್ಚಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಬಿಡಿಬಿಡಿಯಾದ ಎಲೆ ಒಂದು ತುತ್ತನ್ನೂ ಹೊರದು. ಹಚ್ಚಿದ ಎಲೆಯಲ್ಲಿ ಮದುವೆಯೂಟವನ್ನೇ ಬಡಿಸಬಹುದು.

ಕಂಬಗಳು ಕುಸಿಯುವುದಾದರೋ ಅಪರೂಪ. ಕುಸಿದರೆ ಒಂದು ಎರಡಕ್ಕೆ ನಿಲ್ಲುವುದಿಲ್ಲ. ಇದನ್ನು ನಾವು ಮೊದಲು ಕಲಿತುದು ಗಣಿಯಲ್ಲಲ್ಲ, ಈ ಶಾಲೆಯ ಸತ್ಯವೇದದ ತರಗತಿಯಲ್ಲಿ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಸಂಸೋನನು ಫಿಲಿಷ್ಟಿಯರ ಗುಡಿಯ ನಡುಗಂಬಗಳೆರಡನ್ನು ನೂಕಿ ಕೆಡಹಿದ ಪಾಠ ನಡೆದಿತ್ತು. ಅಷ್ಟು ದೊಡ್ಡ ಗುಡಿಯಲ್ಲಿ ಬೇರೆ ಕಂಬಗಳೂ ಇದ್ದಿರಬೇಕಲ್ಲ, ಎರಡೇ ಹೋದರೆ ಎಲ್ಲವೂ ಬಿದ್ದುದು ಹೇಗೆ ಎಂದು ನಮ್ಮ ಪಕ್ಕದ ಹುಡುಗಿ ಕೇಳಿದಳು. ದೇವರು ಅವನಿಗೆ ಬಲ ಕೊಟ್ಟನೆಂದು ಉಪಾಧ್ಯಾಯಿನಿಯವರು ಹೇಳಿದರು. ಹುಡುಗಿ ಒಪ್ಪಲಿಲ್ಲ, ಬಲ ಎರಡು ಕಂಬಗಳಿಗೆ ಸಾಕು, ಮಿಕ್ಕವಕ್ಕೆ ಏನು ಕಾರಣವೆಂದಳು. ನಾವು ಆ ವಾರದ ಕಾಗದದಲ್ಲಿ ತಂದೆಯವರನ್ನು ಕೇಳಿದೆವು. ಅವರ ಕಾರ್ಡು ಬಂದಿತು. ಎರಡು ಕಂಬ ಹೋದರೆ ಅವುಗಳ ಹೊರೆ ಎಲ್ಲಿಗೂ ಹೋಗುವುದಿಲ್ಲ, ಪಕ್ಕದ ಕಂಬಗಳ ಮೇಲೆ ಬೀಳುತ್ತದೆ. ಅವು ಮೊದಲೇ ತಮ್ಮಿಂದಾಗುವಷ್ಟನ್ನು ಹೊತ್ತಿದ್ದರೆ ಅವೂ ಹೋಗುತ್ತವೆ. ಆಮೇಲೆ ಅವುಗಳ ಪಕ್ಕದವು. ಆ ದಿನ ಮಾಳಿಗೆಯ ಮೇಲೆ ಮೂರು ಸಾವಿರ ಜನರಿದ್ದರೆಂದು ಅಲ್ಲಿಯೇ ಬರೆದಿದೆ, ಮಗು ಅದನ್ನು ಓದಲಿಲ್ಲವೇ, ಎಂದು ಬರೆದಿದ್ದರು. ಉಪಾಧ್ಯಾಯಿನಿಯವರು ಆ ಕಾರ್ಡನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಅಂದಿನಿಂದ ನಮ್ಮ ಹಣೆಯನ್ನು ತಟ್ಟುವುದು ನಿಂತಿತು.

ಆ ಕಾರ್ಡಿನಲ್ಲಿದ್ದುದು ಅದಕ್ಕೆ ಸ್ವಲ್ಪವೇ ಮುಂಚೆ ದಕ್ಷಿಣ ಆಫ್ರಿಕದಲ್ಲಿ ನಿಜವಾಗಿ ನಡೆದುಹೋಗಿತ್ತೆಂಬುದು ನಮಗೆ ತಿಳಿದುದು ಬಹುಕಾಲದ ಮೇಲೆ. ಆರೆಂಜ್ ಫ್ರೀ ಸ್ಟೇಟ್ ಪ್ರಾಂತದ ಕೋಲ್‌ಬ್ರೂಕ್ ಎಂಬ ಕಲ್ಲಿದ್ದಲಿನ ಗಣಿಯಲ್ಲಿ ೧೯೬೦ನೆಯ ಜನವರಿ ೨೧ರಂದು ಕಂಬಗಳ ಸಾಲುಸಾಲುಗಳೇ ಒಂದರ ಹಿಂದೊಂದು ಕುಸಿದು, ಸುಮಾರು ಮೂರು ಚದರ ಕಿಲೋಮೀಟರು ಗಣಿ ಮುಚ್ಚಿಹೋಯಿತು. ೪೩೫ ಮಂದಿ ಒಳಗುಳಿದರು. ಅವರಲ್ಲಿ ಬಹುಮಂದಿ ಬಸುಟೊಲ್ಯಾಂಡಿನಿಂದಲೂ ಮೊಝಾಂಬಿಕಿನಿಂದಲೂ ಕೂಲಿಗಾಗಿ ಬಂದ ಕರಿಯ ಜನರು. ರಂಧ್ರ ಕೊರೆದು ಹಲವು ದಿನ ಹುಡುಕಿದರೂ ಒಬ್ಬನ ದನಿಯೂ ಕೇಳಲಿಲ್ಲ. ದೇಹಗಳು ಇಂದಿಗೂ ಅಲ್ಲಿಯೇ ಇವೆ. ಗಣಿಯೇನೋ ಎಚ್ಚರಿಕೆ ಕೊಟ್ಟಿತ್ತು. ಹಿಂದಿನ ತಿಂಗಳು ೨೮ರಂದೇ ಒಂದು ಭಾಗ ಕುಸಿದಿತ್ತು. ಜನವರಿ ೨೧ರಂದು ಮೊದಲನೆಯ ಸದ್ದನ್ನು ಕೇಳಿ ಶಾಫ್ಟಿನ ಕಡೆಗೆ ಓಡಿಬಂದ ಕೆಲವರನ್ನು ಮತ್ತೆ ಕೆಲಸಕ್ಕೆ ಕಳುಹಿಸಿದರೆಂದು ಬದುಕಿದವರು ಹೇಳಿದರು. ಇದನ್ನು ಓದಿದಾಗಲೆಲ್ಲ ನಮಗೆ ಆ ಗಣಿಯ ಬಾಗಿಲಿನಲ್ಲಿ ಸೆರಗು ಹೊದೆದು ನಿಂತ ಹೆಂಗಸರು ಕಣ್ಣಿಗೆ ಕಟ್ಟುತ್ತಾರೆ. ಬಹುಮಂದಿಗೆ ಆ ನಿಲ್ಲುವ ಭಾಗ್ಯವೂ ಇರಲಿಲ್ಲ. ಅವರು ನೂರಾರು ಮೈಲಿಗಳ ಆಚೆ ತಮ್ಮ ಹಳ್ಳಿಗಳಲ್ಲಿದ್ದರು.

ಕುಸಿದುದೇಕೆ? ಕಂಬಗಳು ತೆಳುವಾಗಿದ್ದವು, ಅದರ ಮೇಲೆ, ಛಾವಣಿಯ ಬುಡದಲ್ಲಿ ಬಿಟ್ಟಿದ್ದ ಕಲ್ಲಿದ್ದಲನ್ನೂ ತೆಗೆದುದರಿಂದ ಅವು ಮತ್ತಷ್ಟು ಎತ್ತರವಾದವು. ಯಾವ ಅಳತೆಯ ಕಂಬ ಎಷ್ಟನ್ನು ಹೊತ್ತೀತೆಂಬ ನಿಶ್ಚಿತವಾದ ಲೆಕ್ಕ ಆಗ ಯಾರಲ್ಲಿಯೂ ಇರಲಿಲ್ಲ. ಹಿಂದಿನವರು ಬಿಟ್ಟ ಹಾಗೆ ಇವರೂ ಬಿಡುವುದು, ಸ್ವಲ್ಪ ಕಡಿಮೆ ಬಿಟ್ಟರೂ ನಿಂತಿತಲ್ಲವೆಂದು ಇನ್ನೂ ಸ್ವಲ್ಪ ಕಡಿಮೆ ಬಿಡುವುದು, ಹೀಗೆ ನಡೆದಿತ್ತು. ಈ ದುರಂತದಿಂದ ಎಚ್ಚೆತ್ತು, ಸಾಲಮನ್ ಮತ್ತು ಮನ್ರೊ ಎಂಬ ಇಬ್ಬರು ವಿದ್ವಾಂಸರು ಆ ದೇಶದ ಗಣಿಗಳಲ್ಲಿ ನಿಂತ ಕಂಬಗಳ ೯೮ ನಿದರ್ಶನಗಳನ್ನೂ ಬಿದ್ದವುಗಳ ೨೭ ನಿದರ್ಶನಗಳನ್ನೂ ಕೂಡಿಸಿ, ೧೯೬೭ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಅದರ ಪ್ರಕಾರ ಕಂಬದ ಅಗಲವನ್ನು ಇಮ್ಮಡಿಸಿದರೆ ಪ್ರತಿ ಚದರ ಮೀಟರಿನ ಬಲವು ಒಂದೂವರೆ ಪಾಲಿನಷ್ಟೂ ಆಗದು. ಎತ್ತರವನ್ನು ಇಮ್ಮಡಿಸಿದರಾದರೋ ಬಲವು ಮೂರರಲ್ಲಿ ಎರಡು ಪಾಲಿಗಿಂತ ಕೆಳಕ್ಕೆ ಇಳಿಯುತ್ತದೆ. ಕುಳ್ಳಗೆ ದಪ್ಪಗಿರುವುದು ಬದುಕುತ್ತದೆ, ಸಪೂರವಾಗಿ ಉದ್ದಗಿರುವುದು ಮುರಿಯುತ್ತದೆ. ಹೊರೆಯ ೧.೬ ಪಟ್ಟು ಬಲವಿರುವಂತೆ ಕಂಬವನ್ನು ಬಿಡಬೇಕೆಂಬುದು ಅಲ್ಲಿಂದ ಆ ದೇಶದಲ್ಲಿ ರೂಢಿಯಾಯಿತು. ೪೩೫ ಜೀವಗಳ ಬೆಲೆಗೆ ದೊರೆತ ಸೂತ್ರವಿದು. ಬೇರೆ ದೇಶದವರೂ ತಮ್ಮ ತಮ್ಮ ಕಲ್ಲಿದ್ದಲಿಗೆ ತಕ್ಕ ಸೂತ್ರಗಳನ್ನು ಮಾಡಿಕೊಂಡಿದ್ದಾರೆ.

ಲೆಕ್ಕ ತಿಳಿದ ಮೇಲೆ ಕುಸಿತ ನಿಲ್ಲಬೇಕಷ್ಟೆ. ನಿಲ್ಲದಿರುವುದಕ್ಕೆ ಕಾರಣ, ಕಂಬವೂ ಕಲ್ಲಿದ್ದಲೇ ಆಗಿರುವುದು. ಚಿನ್ನದ ಗಣಿಯಲ್ಲಿ ಬಿಟ್ಟ ಕಂಬದೊಳಗೆ ಚಿನ್ನವಿರುತ್ತದೆ. ಮನೆಯ ಕಂಬವನ್ನು ಯಾರೂ ಕದಿಯುವುದಿಲ್ಲ. ಗಣಿಯ ಕಂಬವನ್ನು ಮಾತ್ರ ಎಲ್ಲರೂ ಆಸೆಯ ಕಣ್ಣಿನಿಂದ ನೋಡುತ್ತಾರೆ. ಗಣಿ ಮುಗಿಯುವ ಹೊತ್ತಿಗೆ ಹಿಂದಕ್ಕೆ ಬರುತ್ತ ಬರುತ್ತ ಕಂಬಗಳನ್ನು ಕ್ರಮವಾಗಿ ತೆಗೆದು, ಬಿಟ್ಟುಬಂದ ಜಾಗದ ಛಾವಣಿಯನ್ನು ಬೇಕೆಂದೇ ಬೀಳಗೊಡುವ ಪದ್ಧತಿಯೊಂದುಂಟು. ಕಟ್ಟುನಿಟ್ಟಾಗಿ ಮಾಡಿದರೆ ಅದು ತಪ್ಪಲ್ಲ. ಆದರೆ ೨೦೦೭ನೆಯ ಆಗಸ್ಟ್ ೬ರಂದು ಅಮೇರಿಕದ ಯೂಟಾ ಸಂಸ್ಥಾನದ ಕ್ರ್ಯಾಂಡಲ್ ಕ್ಯಾನಿಯನ್ ಎಂಬ ಗಣಿಯಲ್ಲಿ, ಹಿಂದಿನ ದೊಡ್ಡ ಅಗೆತಗಳ ಹೊರೆಯನ್ನು ತಡೆಯಲೆಂದು ಬಿಟ್ಟಿದ್ದ ಅಗಲವಾದ ತಡೆಗಂಬಗಳನ್ನೇ ಅಗೆಯುತ್ತಿದ್ದಾಗ ಕಂಬಗಳು ಸಿಡಿದು ಆರು ಮಂದಿ ಹೂತುಹೋದರು. ಹತ್ತು ದಿನಗಳ ಮೇಲೆ ಅವರನ್ನು ಹುಡುಕಹೋದವರಲ್ಲಿ ಮೂವರು ಅದೇ ರೀತಿ ಸತ್ತರು. ಸೂತ್ರಗಳೂ ಯಂತ್ರಗಳೂ ಬೇಕಾದಷ್ಟಿದ್ದ ದೇಶದಲ್ಲಿ, ನಾಲ್ವತ್ತೇಳು ವರುಷಗಳ ಅನಂತರ ನಡೆದುದು ಇದು.

ನಮ್ಮ ಬೋರ್ಡಿಂಗಿನಲ್ಲಿ ವರುಷಕ್ಕೊಮ್ಮೆ ಬೆಳೆಹಬ್ಬಕ್ಕೆ ರೂತಳ ನಾಟಕವನ್ನು ಆಡುತ್ತಿದ್ದುದು ಹಳಬರಿಗೆ ನೆನಪಿರಬಹುದು. ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕೆಂಬ ಯಾಜಕಕಾಂಡದ ವಿಧಿಯಿಂದಲೇ ರೂತಳ ಕಥೆ ಸಾಗುವುದು. ರಜೆಯಲ್ಲಿ ಮನೆಗೆ ಹೋದಾಗ ನಾವು ಬಹಳ ಬುದ್ಧಿವಂತರಂತೆ, ಗಣಿಯ ಕಂಬವೂ ಹೊಲದ ಮೂಲೆಯಂತೆಯೇ ಅಲ್ಲವೇ ಎಂದು ತಂದೆಯವರನ್ನು ಕೇಳಿದೆವು. ಅವರು ಮೆಚ್ಚುವರೆಂದುಕೊಂಡಿದ್ದೆವು. ಅವರು ತಟ್ಟೆಯಲ್ಲಿದ್ದ ರಾಗಿಮುದ್ದೆಯ ಎರಡು ಪಕ್ಕಗಳನ್ನೂ ಮುರಿದು, ನಡುವೆ ಬೆರಳಗಲದ ಗೋಡೆಯೊಂದನ್ನು ನಿಲ್ಲಿಸಿ, ಮೇಲಿನಿಂದ ಅಂಗೈಯಿಂದ ಒತ್ತಿದರು. ಅದು ನುಗ್ಗಿಹೋಯಿತು. "ಮೂಲೆ ಬಿಟ್ಟರೆ ಸಾಲದು ಮಗಳೇ. ಸುತ್ತಲೂ ತಿಂದು ನಡುವೆ ಒಂದು ತುಂಡು ಬಿಟ್ಟರೆ ಅದು ಕಂಬವಲ್ಲ, ಎಳೆದು ಹಿಡಿದ ಬಿಲ್ಲು. ಅದರ ಪಕ್ಕದಲ್ಲಿ ಕೆಲಸ ಮಾಡುವುದಕ್ಕಿಂತ ಅದಿಲ್ಲದಿರುವುದೇ ಲೇಸು" ಎಂದರು.

ಇದು ಕೋಲಾರದಂಥ ಆಳವಾದ ಗಣಿಗಳ ವಿಶೇಷ. ಆಳ ಕಡಿಮೆಯಿರುವ ಕಡೆ ಕಂಬ ಬಿಡುವುದೇ ರಕ್ಷೆ; ಅತಿ ಆಳದಲ್ಲಿ ಅರೆಕೊರೆಯಾಗಿ ಬಿಟ್ಟ ಕಂಬವೇ ಶತ್ರು. ಎರಡು ಕಡೆಯಿಂದ ಅಗೆಯುತ್ತ ಬಂದು ಕೂಡುವ ಜಾಗದಲ್ಲಿ ಉಳಿಯುವ ತುಂಡಿನ ಮೇಲೆ ಎರಡು ಕಡೆಯ ಹೊರೆಯೂ ಸೇರಿ, ಗಡಸು ಬಂಡೆಯಾದುದರಿಂದ ಬಾಗದೆ ಬಳುಕದೆ, ಕಡೆಗೆ ಸಿಡಿಮದ್ದಿನಂತೆ ಸಿಡಿಯುತ್ತದೆ. ಆದುದರಿಂದ ಅಲ್ಲಿ ಮುಖ್ಯವಾದುದು ಅಗೆತದ ಕ್ರಮ. ಇಕ್ಕಟ್ಟಾದ ತುಂಡುಗಳು ಉಳಿಯದಂತೆ ಒಂದು ಕಡೆಯಿಂದ ಅಗೆಯುತ್ತ ಹೋಗಬೇಕು. ಅಗೆದ ಜಾಗವನ್ನು ಬರಿದಾಗಿಡದೆ ಹಿಂದೆ ಹಿಂದೆಯೇ ಗೋಡೆಯಿಂದಲೋ ಕಾಂಕ್ರೀಟಿನಿಂದಲೋ ತುಂಬುತ್ತ ಹೋಗಬೇಕು. ಸಿಡಿಮದ್ದನ್ನು ಪಾಳಿಯ ಕೊನೆಯಲ್ಲಿ, ಜನರು ಹೊರಬಂದ ಮೇಲೆ ಹಾರಿಸಿ, ಬಂಡೆ ಸಮಾಧಾನವಾಗುವವರೆಗೆ ಯಾರೂ ಒಳಗೆ ಹೋಗಬಾರದು. ಇಷ್ಟೆಲ್ಲ ಮಾಡಿದರೂ ೧೯೬೨ರಲ್ಲಿ ಚಾಂಪಿಯನ್ ರೀಫಿನ ಆಳದಲ್ಲಿ ದೊಡ್ಡ ಪ್ರದೇಶವೊಂದು ಸಿಡಿದು ಹಾಳಾಯಿತು. ಆ ವರುಷದ ಕ್ರಿಸ್ಮಸ್ ರಜೆಗೆ ನಾವು ಮನೆಗೆ ಹೋದಾಗ ಒಳ್ಳೇ ಕುರುಬನ ಪಟವನ್ನು ಗೋಡೆಯಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟಿದ್ದರು. ದಿನವೂ ಅದನ್ನು ನೆಟ್ಟಗೆ ಮಾಡಿ ಮಾಡಿ ಸಾಕಾಯಿತೆಂದು ತಾಯಿಯವರು ಹೇಳಿದರು.

ಕಿವಿಗೊಡುವುದನ್ನು ಕುರಿತು ಒಂದು ಮಾತು. ಸಿಡಿಯುವುದಕ್ಕೆ ಮುಂಚೆ ಬಂಡೆಯು ಅನೇಕ ಸಲ ಚಟಚಟ ಸದ್ದು ಮಾಡುತ್ತದೆ. ಪಕ್ಕಗಳಿಂದ ಬೆರಳಗಲದ ಚಕ್ಕೆಗಳು ಹಾರುತ್ತವೆ. ೧೯೬೬ರ ಮಳೆಗಾಲದ ಒಂದು ಪಾಳಿಯಲ್ಲಿ ತಂದೆಯವರು ಇದನ್ನು ಕೇಳಿ, ತಮ್ಮ ಕೈಕೆಳಗಿನ ಆರು ಜನರನ್ನೂ ಕರೆದುಕೊಂಡು ಹೊರಗೆ ಬಂದುಬಿಟ್ಟರು. ಅದು ಯಾವ ಗಣಿ, ಮೇಲ್ವಿಚಾರಕರು ಯಾರು ಎಂಬುದನ್ನು ಬರೆಯುವುದು ಬೇಡ. ಏಳು ಜನರಿಗೂ ಅರ್ಧ ಪಾಳಿಯ ಕೂಲಿ ಹೋಯಿತು. ಆ ರಾತ್ರಿ ಅಲ್ಲಿ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆರು ಜನರಲ್ಲಿ ಒಬ್ಬನು ನಮ್ಮ ಮನೆಯ ಮುಂದೆ ನಿಂತು, ಮೇಸ್ತ್ರಿಗೆ ತಮ್ಮನು ಸತ್ತಂದಿನಿಂದ ಹೆದರಿಕೆ ಹಿಡಿದಿದೆ, ಅದಕ್ಕೆ ನಮ್ಮ ಮಕ್ಕಳು ಉಪವಾಸವಿರಬೇಕೇ ಎಂದು ಕೂಗಾಡಿದನು. ತಾಯಿಯವರು ಮಾತಾಡದೆ ಒಳಗಿನಿಂದ ಎರಡು ಸೇರು ರಾಗಿಯನ್ನು ಅಳೆದು ತಂದುಕೊಟ್ಟರು. ನಮ್ಮ ಮನೆಯಲ್ಲಿ ಇದ್ದುದೇ ಅಷ್ಟು. ಒಂದೂವರೆ ತಿಂಗಳಲ್ಲಿ ತಂದೆಯವರು ಮತ್ತೊಮ್ಮೆ ಹಾಗೆಯೇ ಜನರನ್ನು ಹೊರಗೆ ತಂದರು. ಆಗಲೂ ಏನೂ ಆಗಲಿಲ್ಲ. ಅವರ ಕಿವಿ ತಪ್ಪಿತೋ, ಕಟ್ಟಿದ ಗೋಡೆ ಹೊರೆಯನ್ನು ತಡೆಯಿತೋ, ಹೇಳುವವರಾರು? ಬಿದ್ದ ಛಾವಣಿಗೆ ಸಾಕ್ಷಿಗಳಿರುತ್ತಾರೆ. ಬೀಳದ ಛಾವಣಿಗೆ ಒಂದು ಗುಲಗಂಜಿಯಷ್ಟೂ ಸಾಕ್ಷ್ಯವಿಲ್ಲ. ಅದನ್ನು ಬ್ಯಾಂಕಿನಲ್ಲಿಡುವಂತೆಯೂ ಇಲ್ಲ, ಕೂಲಿಯ ಪುಸ್ತಕದಲ್ಲಿ ಜಮಾ ಮಾಡುವಂತೆಯೂ ಇಲ್ಲ.

೧೯೭೦ರ ದಶಕದ ಕೊನೆಯಲ್ಲಿ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರದವರ ನೆರವಿನಿಂದ ಕೋಲಾರದ ಗಣಿಗಳಲ್ಲಿ ಬಂಡೆಯ ಸದ್ದನ್ನು ಹಿಡಿಯುವ ಯಂತ್ರಗಳನ್ನು ಹುಗಿದು, ಎಲ್ಲಿ ಎಷ್ಟು ಬಲದ ಸಿಡಿತವಾಯಿತೆಂದು ಗುರುತಿಸುವ ವ್ಯವಸ್ಥೆ ಬಂದಿತು. ತಂದೆಯವರು ಅದನ್ನು ಅಸೂಯೆಯಿಂದ ನೋಡುವರೆಂದು ನಾವು ತಿಳಿದಿದ್ದೆವು. ಹಾಗಾಗಲಿಲ್ಲ. "ಯಂತ್ರ ಹೊರಗೆ ಬನ್ನಿ ಎಂದರೆ ಕೂಲಿ ಕತ್ತರಿಸುವುದಿಲ್ಲ" ಎಂದರು. ನಮಗೆ ತೋರುವ ಮಟ್ಟಿಗೆ ಯಂತ್ರದ ದೊಡ್ಡ ಉಪಕಾರ ಇದೇ; ಅದರ ಕಿವಿ ಮೇಸ್ತ್ರಿಯ ಕಿವಿಗಿಂತ ಚುರುಕಾಗಿರುವುದಕ್ಕಿಂತ, ಅದರ ಮಾತನ್ನು ಮೇಲಿನವರು ಕೇಳುವುದೇ ಹೆಚ್ಚಿನದು. ೧೯೮೮ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯೂ ಚಿನ್ನದ ಗಣಿಯ ಊರಿನಲ್ಲಿಯೇ ಸ್ಥಾಪಿತವಾಯಿತು. ನೂರು ವರುಷ ಸಿಡಿದ ಬಂಡೆಗಳ ಊರಿಗೆ ಅದು ಸಲ್ಲತಕ್ಕ ಮರ್ಯಾದೆಯೇ ಸರಿ. ಈಗ ನಮ್ಮ ನಾಡಿನಲ್ಲಿ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನೆಲದೊಳಗಿನಿಂದ ಚಿನ್ನ ತೆಗೆಯುತ್ತಿದ್ದಾರೆ. ಈ ಸಂಚಿಕೆಯನ್ನು ಓದುವ ತಾಯಂದಿರಲ್ಲಿ ಯಾರದಾದರೂ ಮಗ ಅಲ್ಲಿ ಇಂಜನಿಯರನಾಗಿದ್ದರೆ, ಮೇಸ್ತ್ರಿಗಳು ಹೊರಗೆ ಬಂದಾಗ ಅವರ ಕೂಲಿಯ ವಿಷಯವಾಗಿ ಏನು ನಿಯಮವಿದೆಯೆಂದು ಒಂದು ಸಲ ಕೇಳಿನೋಡಲಿ.

ಕೋಲಾರದ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದವು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ತಂದೆಯವರು ಅದಕ್ಕೆ ಎಷ್ಟೋ ವರುಷ ಮುಂಚೆಯೇ ಕೆಲಸದಿಂದ ನಿವೃತ್ತರಾಗಿ, ಮಂಚದ ಮೇಲೆಯೇ, ಪ್ರಾರ್ಥನೆಯ ನಡುವೆ ತೀರಿಕೊಂಡಿದ್ದರು. ಅವರ ಪೆಟ್ಟಿಗೆಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಮನೆಯ ಖರ್ಚಿನದೆಂದುಕೊಂಡು ಬಿಚ್ಚಿದರೆ, ಅದರಲ್ಲಿದ್ದುದು ಅವರು ಕಟ್ಟಿದ ಗೋಡೆಗಳ ಪಟ್ಟಿ: ಎಷ್ಟನೆಯ ಲೆವೆಲು, ಶಾಫ್ಟಿನಿಂದ ಯಾವ ಕಡೆಗೆ, ಎಷ್ಟು ಅಡಿ ಉದ್ದ, ಯಾವ ತಿಂಗಳು. ಕೆಲವು ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಿಂದ "ನಿಂತಿದೆ" ಎಂದು ಬರೆದು, ವರುಷ ಬಿಟ್ಟು ವರುಷ ಅದೇ ಸಾಲಿನಲ್ಲಿ ಮತ್ತೆ "ನಿಂತಿದೆ", ಮತ್ತೆ "ನಿಂತಿದೆ" ಎಂದು ಬರೆದಿದ್ದರು. ೧೯೬೬ರ ಆ ಎರಡು ಜಾಗಗಳ ಮುಂದೆ ಈ ಮಾತು ಹನ್ನೊಂದು ಸಲ ಇದೆ. ಪುಸ್ತಕದ ನಡುವೆ ಒಂದು ಹಾಳೆಯಲ್ಲಿ ಮಾತ್ರ ಲೆವೆಲೂ ಇಲ್ಲ, ಅಡಿಯೂ ಇಲ್ಲ. ನಮ್ಮ ಶಾಲೆಯ ಹೆಸರನ್ನು ಬರೆದು, ಕೆಳಗೆ "ಜಗುಲಿ, ಕಂಬ ೧೪, ಎಲ್ಲವೂ ಸರಿ" ಎಂದಿದೆ.